ಬೀದಿಗೆ ಮಳೆನೀರು ನುಗ್ಗುತ್ತಾ? ಮರಳಿನ ಚೀಲ ಆಮೇಲೆ, ಮೊದಲು ನೀರಿನ ದಾರಿ ಹುಡುಕಿ

ನಮ್ಮ ಮನೆಗೆ ಮೊದಲ ಸಲ ನೀರು ಬಂದಾಗ ಅದು ಗೇಟಿನಿಂದ ಬರಲಿಲ್ಲ. ಗೇಟಿಗೆ ಮರಳಿನ ಚೀಲ ಒಟ್ಟಿ, ಸಂದಿಗೆಲ್ಲ ಹಳೇ ಬೆಡ್‌ಶೀಟ್ ತುರುಕಿ, ಟಾರ್ಚ್ ಹಿಡಿದು ಕಾವಲು ಕೂತಿದ್ದೆವು. ರಾತ್ರಿ ಎರಡು ಗಂಟೆ ಹೊತ್ತಿಗೆ ಬಚ್ಚಲಿನಿಂದ ಗುಳುಗುಳು ಸದ್ದು ಬಂತು. ಹೋಗಿ ನೋಡಿದರೆ ನೆಲದ ಜಾಲರಿಯಿಂದ ಕಪ್ಪು ನೀರು ಉಕ್ಕುತ್ತಿದೆ, ಕಮೋಡು ತುಂಬಿ ಚೆಲ್ಲುತ್ತಿದೆ. ಬೀದಿಯ ಮಳೆನೀರು ಗೇಟಿನ ಹೊರಗೇ ನಿಂತಿತ್ತು, ಬೀದಿಯ ಕೊಳಚೆ ಹಿಂಬಾಗಿಲಿನಿಂದ ಒಳಗೆ ಬಂದಿತ್ತು. ನಾವು ಕಾದದ್ದೇ ತಪ್ಪು ಬಾಗಿಲನ್ನ.

ಅದು 2022ರ ಸೆಪ್ಟೆಂಬರ್. ಬೆಂಗಳೂರಿನಲ್ಲಿ ಒಂದೇ ದಿನಕ್ಕೆ 131.6 ಮಿಲಿಮೀಟರ್ ಮಳೆ ಸುರಿದ ವಾರ. ಯಮಲೂರು, ಬೆಳ್ಳಂದೂರು ಕಡೆ ಸಾಫ್ಟ್‌ವೇರ್ ಜನ ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋಗಿದ್ದು ನಿಮಗೆ ನೆನಪಿರಬಹುದು. ಆಮೇಲಿಂದ ನಮ್ಮ ಬಡಾವಣೆಯ ನಾಲ್ಕೈದು ಜನ ಸೇರಿ ಒಂದಷ್ಟು ಕೆಲಸ ಮಾಡಿದೆವು. ಕೆಲವು ಫಲ ಕೊಟ್ಟವು, ಕೆಲವು ಸುಮ್ನೆ ದುಡ್ಡು ದಂಡ. ನಮ್ಮಲ್ಲಿ ಯಾರೂ ಎಂಜಿನಿಯರ್ ಅಲ್ಲ. ಕಲಿತದ್ದನ್ನ ಇಲ್ಲಿ ಬರೆಯುತ್ತಿದ್ದೇನೆ, ನೀವು ಮಾಡಿ ನೋಡಬಹುದು. ಶುರು ಮಾಡೋದಾದರೆ ಜನವರಿಯಲ್ಲೇ ಮಾಡಿ. ಮೇ ತಿಂಗಳಲ್ಲಿ ಮೊದಲ ಗುಡುಗು ಕೇಳಿದ ಮೇಲೆ ಎದ್ದರೆ ಮರಳಿನ ಚೀಲ ಬಿಟ್ಟು ಬೇರೇನೂ ಸಿಗಲ್ಲ.

ನೀರು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗಬೇಕು

ಬೆಂಗಳೂರು ಎತ್ತರದ ಊರು, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ದೊಡ್ಡ ನದಿಯಿಲ್ಲ, ಇಲ್ಲಿ ಪ್ರವಾಹ ಹೇಗೆ ಬರುತ್ತೆ ಅಂತ ಕೇಳೋರು ಬಹಳ. ನದಿ ಇಲ್ಲದೇ ಇರೋದಕ್ಕೇ ಹಿಂದಿನವರು ಕೆರೆ ಕಟ್ಟಿದ್ದು. ಊರು ಕೂತಿರೋದು ಒಂದು ದಿಬ್ಬದ ಬೆನ್ನಿನ ಮೇಲೆ. ಆ ಬೆನ್ನಿನಿಂದ ನೀರು ಮೂರು ಕಣಿವೆಗೆ ಇಳಿಯುತ್ತೆ. ವೃಷಭಾವತಿಯದು ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯದು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಗೆ. ಹೆಬ್ಬಾಳ ಕಣಿವೆಯದೂ ಕೊನೆಗೆ ಅಲ್ಲಿಗೇ. ಈ ಕಣಿವೆಗಳ ಉದ್ದಕ್ಕೂ ಕೆರೆಗಳು ಸರಪಳಿ ಹಾಗೆ. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ನೀರು ರಾಜಕಾಲುವೆಯಲ್ಲಿ ಕೆಳಗಿನ ಕೆರೆಗೆ, ಅದು ತುಂಬಿದರೆ ಇನ್ನೂ ಕೆಳಗೆ. ನಿಮ್ಮ ಬೀದಿ ಈ ಸರಪಳಿಯಲ್ಲಿ ಎಲ್ಲಿದೆ ಅನ್ನೋದು ಗೊತ್ತಾಗದೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ.

ಗೊತ್ತು ಮಾಡಿಕೊಳ್ಳೋದು ಕಷ್ಟವಲ್ಲ. ಕಂದಾಯ ಇಲಾಖೆಯ 'ದಿಶಾಂಕ್' ಆಪ್ ಹಾಕಿಕೊಂಡು ಮನೆ ಮುಂದೆ ನಿಂತರೆ ನೀವು ಯಾವ ಸರ್ವೆ ನಂಬರಿನಲ್ಲಿದ್ದೀರಿ ಅಂತ ತೋರಿಸುತ್ತೆ. ಆ ನಂಬರು ಹಿಡಿದು ಹಳೇ ಗ್ರಾಮ ನಕಾಶೆ ನೋಡಿ. ನಿಮ್ಮ ಬಡಾವಣೆ ಹುಟ್ಟುವ ಮುಂಚೆ ಅಲ್ಲಿ ಕೆರೆ, ಕುಂಟೆ, ಹಳ್ಳ, ಕಾಲುವೆ ಎಲ್ಲೆಲ್ಲಿತ್ತು ಅಂತ ಗೆರೆ ಎಳೆದಿರುತ್ತೆ. ಗೂಗಲ್ ಅರ್ಥ್‌ನಲ್ಲಿ ಹಳೇ ವರ್ಷಗಳ ಚಿತ್ರವೂ ಸಿಗುತ್ತೆ, ಹಿಂದಕ್ಕೆ ಸರಿಸುತ್ತಾ ಹೋದರೆ ನಿಮ್ಮ ರಸ್ತೆ ಮಾಯವಾಗಿ ಒಂದು ಹಸಿರು ಪಟ್ಟಿ ಕಾಣಬಹುದು. ಆ ಹಸಿರು ಪಟ್ಟಿಯೇ ಹಳ್ಳ. ನಮ್ಮಲ್ಲಿ ಅದು ಸರಿಯಾಗಿ ಮೂರನೇ ಅಡ್ಡರಸ್ತೆಯ ಮೇಲೆ ಹಾದು ಹೋಗಿತ್ತು. ಆ ರಸ್ತೆಯಲ್ಲೇ ಪ್ರತಿ ಸಲ ಸೊಂಟದವರೆಗೆ ನೀರು ನಿಲ್ಲುತ್ತಿತ್ತು. ಮೂರು ವರ್ಷ ಕಾರ್ಪೊರೇಷನ್ನಿಗೆ ಬೈದಿದ್ದೆವು, ನಕಾಶೆ ನೋಡಿದ ದಿನ ಎಲ್ಲರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇನ್ನೊಂದು ದಾರಿ, ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು: ಹಳೇ ಊರಿನ ಭಾಗಕ್ಕೆ ಹೋಗಿ, ಅರಳಿಕಟ್ಟೆ ಮೇಲೆ ಕೂತ ಹಿರಿಯರನ್ನ ಕೇಳಿ. ಬಡಾವಣೆಯ ಜನಕ್ಕೂ ಹಳೇ ಊರಿನವರಿಗೂ ಮಾತೇ ಇರಲ್ಲ, ಅಲ್ವಾ? ನಾವು ಕೇಳಿದ ಅಜ್ಜ ಒಬ್ಬರು ಎದ್ದು ಕೋಲು ಹಿಡಿದು ನಡೆದೇ ತೋರಿಸಿದರು. ಇಲ್ಲಿ ತೂಬು, ಇಲ್ಲಿ ಕೋಡಿ, ಈ ಪಾರ್ಕಿಂಗ್ ಜಾಗದಲ್ಲಿ ನಾವು ಎಮ್ಮೆ ಮೈ ತೊಳೀತಿದ್ದೆವು ಅಂತ. ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಮೇಲಿದೆ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಮೇಲಿದೆ ಅಂತ ನಾವೆಲ್ಲ ಓದಿದ್ದೇವೆ. ನಮ್ಮದೇ ಪಾರ್ಕಿಂಗ್ ಜಾಗದ ಕಥೆ ಮಾತ್ರ ಯಾರೂ ಹೇಳಿರಲಿಲ್ಲ.

ನಕಾಶೆ ಆಯಿತು, ಇನ್ನು ಮಳೆಯಲ್ಲಿ ನಡೀಬೇಕು. ಹಗಲು ಹೊತ್ತು, ಸಾಧಾರಣ ಮಳೆ, ಛತ್ರಿ, ಒಂದು ಫೋನು. ಯಾವ ಮೂಲೆಯಲ್ಲಿ ನೀರು ತಿರುಗುತ್ತೆ, ಯಾವ ಚರಂಡಿ ಬಾಯಿ ನುಂಗುತ್ತೆ, ಯಾವುದು ಉಗುಳುತ್ತೆ ಅಂತ ವಿಡಿಯೋ ಮಾಡಿ. ಜೋರು ಮಳೆಯಲ್ಲಿ, ಕತ್ತಲಲ್ಲಿ ಈ ಸಾಹಸ ಬೇಡ. ಮ್ಯಾನ್‌ಹೋಲ್ ಮುಚ್ಚಳ ಎದ್ದಿದ್ದರೆ ಕಾಣಲ್ಲ.

ಮೇಸ್ತ್ರಿಯ ಲೆವೆಲ್ ಪೈಪು

ಗಾರೆ ಮೇಸ್ತ್ರಿಗಳ ಹತ್ತಿರ ಒಂದು ಪಾರದರ್ಶಕ ಪೈಪು ಇರುತ್ತೆ, ಅದರೊಳಗೆ ನೀರು ತುಂಬಿ ಎರಡೂ ತುದಿ ಹಿಡಿದು ಮಟ್ಟ ನೋಡುತ್ತಾರೆ. ಹೊಸದು ಕೊಂಡರೂ ಕೆಲವೇ ನೂರು ರೂಪಾಯಿ. ನಾವು ಮಾಡಿದ ಖರ್ಚಿನಲ್ಲೆಲ್ಲ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ.

ಮಾಡೋದು ಹೀಗೆ. ಪೈಪಿನಲ್ಲಿ ಗುಳ್ಳೆ ಇಲ್ಲದ ಹಾಗೆ ನೀರು ತುಂಬಿ. ಒಬ್ಬರು ಮನೆ ಹೊಸ್ತಿಲ ಹತ್ತಿರ ಒಂದು ತುದಿ ಹಿಡಿಯಿರಿ, ಇನ್ನೊಬ್ಬರು ಬೀದಿ ಚರಂಡಿಯ ಹತ್ತಿರ. ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತಲ್ಲ, ಅಲ್ಲಿಂದ ಕೆಳಕ್ಕೆ ಟೇಪು ಹಿಡಿದು ಅಳೆಯಿರಿ. ಹೊಸ್ತಿಲು ಎಷ್ಟು ಎತ್ತರ, ರಸ್ತೆ ಎಷ್ಟು, ಚರಂಡಿಯ ತಳ ಎಷ್ಟು, ಎಲ್ಲ ಬರೆದುಕೊಳ್ಳಿ. ಹೀಗೇ ಕಂಬದಿಂದ ಕಂಬಕ್ಕೆ ಚರಂಡಿ ರಾಜಕಾಲುವೆ ಸೇರುವ ಜಾಗದವರೆಗೂ ಹೋಗಿ. ಎರಡು ಭಾನುವಾರದ ಕೆಲಸ. ನೋಡೋರು ನಗುತ್ತಾರೆ, ನಗಲಿ.

ನಮಗೆ ಸಿಕ್ಕಿದ್ದು ಏನು ಗೊತ್ತಾ? ಆಗ ತಾನೇ ಕಟ್ಟಿದ್ದ ಕಾಂಕ್ರೀಟ್ ಚರಂಡಿ, ಕೊನೆಯ ನಲವತ್ತು ಅಡಿಯಲ್ಲಿ ರಾಜಕಾಲುವೆ ಕಡೆಗೆ ಇಳಿಯುವ ಬದಲು ಮೂರು ಇಂಚು ಏರಿತ್ತು. ನೀರು ಅಲ್ಲಿಯವರೆಗೆ ಬಂದು, ನಿಂತು, ವಾಪಸ್ ನಮ್ಮ ಕಡೆಗೇ ತಿರುಗುತ್ತಿತ್ತು. ಹೂಳು ತೆಗೆದರೆ ಸರಿಹೋಗುವ ರೋಗ ಇದಲ್ಲ. ನಾವು ಮಾತ್ರ ಪ್ರತಿ ವರ್ಷ ಹೂಳು ತೆಗೆಸಿ ಅಂತಲೇ ಅರ್ಜಿ ಕೊಡುತ್ತಿದ್ದೆವು.

ಲೆವೆಲ್ ಪೈಪು ಇನ್ನೂ ಒಂದು ಗುಟ್ಟು ಹೇಳುತ್ತೆ. ಮನೆ ಕಟ್ಟಿದಾಗ ರಸ್ತೆಗಿಂತ ಎರಡು ಅಡಿ ಮೇಲಿದ್ದ ಹೊಸ್ತಿಲು ಈಗ ಆರು ಇಂಚು ಮೇಲಿದೆಯಾ? ಮನೆ ಕುಸಿದಿಲ್ಲ, ರಸ್ತೆ ಬೆಳೆದಿದೆ. ಪ್ರತಿ ಸಲ ಹಳೇ ಡಾಂಬರಿನ ಮೇಲೇ ಹೊಸ ಡಾಂಬರು ಸುರಿದರೆ ಹಾಗಾಗುತ್ತೆ. ಹಳೇ ಪದರ ಕೆರೆದು ಆಮೇಲೆ ಹಾಕಿ ಅಂತ ಕೆಲಸ ಶುರುವಾಗುವ ಮುಂಚೆಯೇ ಬರೆದು ಕೊಡಿ. ರೋಡ್ ರೋಲರ್ ಬಂದು ನಿಂತ ಮೇಲೆ ಜಗಳ ಆಡಿ ಪ್ರಯೋಜನ ಇಲ್ಲ, ನಾವು ಆಡಿ ನೋಡಿದ್ದೇವೆ.

ಮೋರಿಯ ಕೆಳಗೆ ಬಗ್ಗಿ ನೋಡಿ

ರಸ್ತೆ ಅಡಿಯಲ್ಲಿ ಚರಂಡಿ ದಾಟುವ ಮೋರಿ ಇರುತ್ತಲ್ಲ, ಅದರ ಕೆಳಗೆ ಬಗ್ಗಿ ನೋಡಿ. ಫೋನ್ ಕೇಬಲ್ಲು, ನೀರಿನ ಪೈಪು, ಇಂಟರ್ನೆಟ್ಟಿನ ಕಿತ್ತಳೆ ಕೊಳವೆ ಎಲ್ಲ ಅಡ್ಡಡ್ಡ ಹಾದಿರುತ್ತವೆ. ಒಂದು ಪ್ಲಾಸ್ಟಿಕ್ ಚೀಲ ಆ ಕೇಬಲ್ಲಿಗೆ ಸಿಕ್ಕಿಕೊಂಡರೆ ಸಾಕು. ಅದರ ಹಿಂದೆ ತೆಂಗಿನ ಗರಿ, ಗರಿಯ ಹಿಂದೆ ಥರ್ಮೋಕೋಲು, ಅರ್ಧ ಗಂಟೆಯಲ್ಲಿ ಒಡ್ಡು ರೆಡಿ. ಮೋರಿಯ ಬಾಯಿ ನಾಲ್ಕು ಅಡಿ ಅಂತ ಕಾಗದದಲ್ಲಿರುತ್ತೆ, ನೀರು ಹೋಗೋದು ಒಂದು ಅಡಿಯಲ್ಲಿ.

ರಸ್ತೆಯಿಂದ ಚರಂಡಿಗೆ ನೀರು ಇಳಿಯುವ ತೂತುಗಳನ್ನೂ ಎಣಿಸಿ. ಫುಟ್‌ಪಾತ್ ಕೆಲಸದಲ್ಲಿ ಅರ್ಧಕ್ಕರ್ಧ ಮುಚ್ಚಿಹೋಗಿರುತ್ತವೆ. ಚರಂಡಿ ಖಾಲಿ, ರಸ್ತೆ ತುಂಬ ನೀರು, ಇಂಥ ದೃಶ್ಯ ನೀವೂ ನೋಡಿರುತ್ತೀರಿ. ಇದಕ್ಕೆ ಯಾವ ದೊಡ್ಡ ಯೋಜನೆಯೂ ಬೇಡ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಒಬ್ಬರು ಕೋಲು ಹಿಡಿದು ತೂತು ಬಿಡಿಸಿದರೆ ಆಯಿತು. ನಮ್ಮ ಬೀದಿಯಲ್ಲಿ ಮನೆಗೊಂದು ತೂತು ಅಂತ ಹಂಚಿಕೊಂಡಿದ್ದೇವೆ. ಮೊದಲು ಎಲ್ಲರೂ ಮೂಗು ಮುರಿದರು. ಈಗ ತಮ್ಮ ತೂತನ್ನ ಬೇರೆಯವರು ಮುಟ್ಟಿದರೆ ಬೇಜಾರು ಮಾಡಿಕೊಳ್ಳುತ್ತಾರೆ.

ರಾಜಕಾಲುವೆಗೆ ಚರಂಡಿ ಸೇರುವ ಜಾಗದಲ್ಲಿ ಇನ್ನೊಂದು ತೊಂದರೆ ಇದೆ. ರಾಜಕಾಲುವೆಗೆ ಎತ್ತರದ ಗೋಡೆ ಕಟ್ಟುವಾಗ ಪಕ್ಕದ ಚರಂಡಿಯ ಬಾಯನ್ನೇ ಮುಚ್ಚಿಬಿಡೋದು ಉಂಟು. ಬಾಯಿ ತೆರೆದಿದ್ದರೂ ಕಾಲುವೆ ತುಂಬಿ ಹರಿಯುವಾಗ ಅದರ ನೀರೇ ನಿಮ್ಮ ಚರಂಡಿಗೆ ಹಿಮ್ಮುಖವಾಗಿ ನುಗ್ಗುತ್ತೆ. ಅಲ್ಲಿ ಒಂದು ಕಡೆಗೆ ಮಾತ್ರ ತೆರೆಯುವ ಬಾಗಿಲು ಬೇಕು, ಹೊರಗಿನ ನೀರಿನ ಒತ್ತಡಕ್ಕೆ ತಾನೇ ಮುಚ್ಚಿಕೊಳ್ಳುವಂಥದ್ದು. ಇದನ್ನ ನೀವೇ ಹಾಕಲು ಹೋಗಬೇಡಿ, ಪಾಲಿಕೆಯ ಮಳೆನೀರು ಕಾಲುವೆ ವಿಭಾಗದವರು ಮಾಡಬೇಕಾದ ಕೆಲಸ. ಹೆಸರು ಹಿಡಿದು, ಜಾಗ ತೋರಿಸಿ ಕೇಳೋದು ಮಾತ್ರ ನಿಮ್ಮದು.

ಮೇಲಿನ ಕೆರೆ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಜನ ಕೆರೆ ಅಂದರೆ ವಾಕಿಂಗ್ ಟ್ರ್ಯಾಕು, ಬೇಲಿ, ಬಾತುಕೋಳಿ ಅಂತಲೇ ಯೋಚನೆ ಮಾಡುತ್ತಾರೆ.

ಕೆರೆಗೆ ಎರಡು ಬಾಗಿಲು. ಕೋಡಿ ಅಂದರೆ ತುಂಬಿದ ಮೇಲೆ ಹೆಚ್ಚಿನ ನೀರು ಹೊರಗೆ ಹೋಗುವ ಜಾಗ. ತೂಬು ಅಂದರೆ ಬೇಕಾದಾಗ ನೀರು ಬಿಡುವ ಜಾಗ. ಹಿಂದೆ ಕೆಳಗೆ ಗದ್ದೆ ಇತ್ತು, ನೀರುಗಂಟಿ ತೂಬು ಎತ್ತಿ ನೀರು ಬಿಡುತ್ತಿದ್ದ. ಬೇಸಿಗೆ ಹೊತ್ತಿಗೆ ಕೆರೆ ಇಳಿದಿರುತ್ತಿತ್ತು, ಹೊಸ ಮಳೆಗೆ ಜಾಗ ಇರುತ್ತಿತ್ತು. ಈಗ ಗದ್ದೆ ಇಲ್ಲ, ನೀರುಗಂಟಿ ಇಲ್ಲ, ಎಷ್ಟೋ ಕೆರೆಗಳಲ್ಲಿ ತೂಬು ಹೂತುಹೋಗಿದೆ ಅಥವಾ ಕೆರೆ ಅಭಿವೃದ್ಧಿಯ ಹೆಸರಲ್ಲೇ ಮುಚ್ಚಿದ್ದಾರೆ. ವರ್ಷವಿಡೀ ಕೊಳಚೆ ನೀರೋ, ಶುದ್ಧೀಕರಿಸಿದ ನೀರೋ ಬಂದು ಕೆರೆ ಏಪ್ರಿಲ್‌ನಲ್ಲೂ ತುಂಬಿಯೇ ಇರುತ್ತೆ. ತುಂಬಿದ ಕೊಡಕ್ಕೆ ನೀರು ಹೊಯ್ದರೆ ಏನಾಗುತ್ತೆ? ಮೊದಲ ದೊಡ್ಡ ಮಳೆಗೇ ಕೋಡಿ ಹರಿದು ನೇರ ನಿಮ್ಮ ಬೀದಿಗೆ.

ಹಾಗಾಗಿ ನಿಮ್ಮ ಮೇಲಿನ ಕೆರೆಗೆ ಹೋಗಿ ಮೂರು ವಿಷಯ ನೋಡಿ. ಕೋಡಿಯ ಮುಂದೆ ಗೋಡೆ, ಶೆಡ್ಡು, ಹೂಳು, ಗಿಡ ಅಡ್ಡ ಬಂದಿದೆಯಾ? ನೀರು ಬಿಡಲು ಕೆಲಸ ಮಾಡುವ ತೂಬು ಅಥವಾ ಗೇಟು ಇದೆಯಾ, ಅದರ ಚಕ್ರ ತಿರುಗುತ್ತಾ, ಬೀಗದ ಕೈ ಯಾರ ಹತ್ತಿರ ಇದೆ? ಮೇ ತಿಂಗಳಲ್ಲಿ ನೀರು ಕೋಡಿಗಿಂತ ಎಷ್ಟು ಅಡಿ ಕೆಳಗಿದೆ? ಕೋಡಿ ಗೋಡೆಯ ಮೇಲೆ ಬಣ್ಣದಲ್ಲಿ ಅಡಿ ಗುರುತು ಹಾಕಿಸಿಕೊಂಡರೆ ವಾರವಾರ ಫೋಟೋ ತೆಗೆದು ಇಡಬಹುದು. ಮುಂಗಾರಿಗೆ ಮುಂಚೆ ಎರಡು ಮೂರು ಅಡಿ ಇಳಿಸಿ ಅಂತ ಕೇಳಿ. ಮೀನು ಗುತ್ತಿಗೆ ಹಿಡಿದವರು ಬೇಡ ಅನ್ನಬಹುದು, ವಾಕಿಂಗ್ ಬರೋರಿಗೆ ತುಂಬಿದ ಕೆರೆಯೇ ಚೆಂದ. ಅವರ ಜೊತೆ ಕೂತು ಮಾತಾಡಲೇಬೇಕು. ಹಾಗೇ ಕೆಳಗಿನ ಬಡಾವಣೆಯವರ ಜೊತೆ ಕೂಡ. ನಿಮ್ಮ ಬೀದಿಯಿಂದ ಹೋದ ನೀರು ಅವರ ಬೀದಿಗೇ ಬರುತ್ತೆ. ನಮ್ಮ ಚರಂಡಿ ಅಗಲ ಮಾಡಿಸಿ ಗೆದ್ದೆವು ಅಂದುಕೊಂಡ ವರ್ಷ ಕೆಳಗಿನವರು ಬೋಟಿನಲ್ಲಿದ್ದರು. ಆ ವರ್ಷದಿಂದ ನಮ್ಮ ಸಭೆಗೆ ಅವರನ್ನೂ ಕರೆಯುತ್ತೇವೆ.

ನಿಮ್ಮ ಮನೆಯ ಪಾಲಿನ ನೀರು

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 30-40 ಸೈಟು ಅಂದರೆ ಸುಮಾರು 111 ಚದರ ಮೀಟರ್. ಒಂದು ಸಂಜೆ 60 ಮಿಲಿಮೀಟರ್ ಸುರಿದರೆ ನಿಮ್ಮ ಸೈಟೊಂದರಿಂದಲೇ 6,600 ಲೀಟರಿಗಿಂತ ಜಾಸ್ತಿ. ಒಂದು ಟ್ಯಾಂಕರ್ ನೀರು! ಬೇಸಿಗೆಯಲ್ಲಿ ಫೋನ್ ಮಾಡಿ, ಕಾದು, ದುಡ್ಡು ಕೊಟ್ಟು ತರಿಸುವ ಟ್ಯಾಂಕರನ್ನ ಮಳೆಗಾಲದಲ್ಲಿ ಪ್ರತಿ ಮನೆಯೂ ಬೀದಿಗೆ ಸುರಿಯುತ್ತೆ. ಎಂಬತ್ತು ಮನೆ ಇದ್ದರೆ ಎಂಬತ್ತು ಟ್ಯಾಂಕರ್.

ಅದರಲ್ಲಿ ಅರ್ಧ ಹಿಡಿದರೂ ಬೀದಿಯ ಮಟ್ಟ ಇಳಿಯುತ್ತೆ. ತಾರಸಿ ನೀರನ್ನ ಸೋಸಿ ಸಂಪಿಗೆ ಬಿಡಿ, ಉಳಿದದ್ದು ಇಂಗುಬಾವಿಗೆ. ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳದ ಬಾವಿ ಒಮ್ಮೆ ತುಂಬಿದರೆ ಸುಮಾರು 4,000 ಲೀಟರ್ ಹಿಡಿಯುತ್ತೆ, ಇಂಗುತ್ತಾ ಹೋದರೆ ಇನ್ನೂ ಹೆಚ್ಚು. ತಲೆಮಾರುಗಳಿಂದ ಬಾವಿ ತೋಡುವ ಮಣ್ಣು ವಡ್ಡರ ಕುಟುಂಬಗಳು ಇವತ್ತಿಗೂ ಬೆಂಗಳೂರಿನ ಸುತ್ತಮುತ್ತ ಇದ್ದಾರೆ, ಮಣ್ಣು ನೋಡಿ ಎಷ್ಟು ಅಡಿಗೆ ಏನು ಸಿಗುತ್ತೆ ಅಂತ ಹೇಳುತ್ತಾರೆ. ಅವರನ್ನೇ ಕರೆಸಿ.

ಎಲ್ಲ ಕಡೆ ಇಂಗುಬಾವಿ ಕೆಲಸ ಮಾಡಲ್ಲ ಅನ್ನೋದನ್ನೂ ಹೇಳಬೇಕು. ಕೆರೆಯ ಏರಿ ಕೆಳಗೆ, ಹತ್ತು ಅಡಿಗೇ ನೀರು ಸಿಗುವ ಜಾಗದಲ್ಲಿ ತೋಡಿದರೆ ಮಳೆಗಾಲದಲ್ಲಿ ಬಾವಿ ಮೊದಲೇ ತುಂಬಿರುತ್ತೆ. ತೋಡುವ ಮುಂಚೆ ಎರಡು ಅಡಿ ಗುಂಡಿ ತೆಗೆದು, ನೀರು ತುಂಬಿ, ಗಂಟೆಗೆ ಎಷ್ಟು ಇಂಚು ಇಳಿಯುತ್ತೆ ನೋಡಿ. ಸಂಜೆವರೆಗೂ ಇಳಿಯದಿದ್ದರೆ ಆ ದುಡ್ಡನ್ನ ಬೇರೆ ಕೆಲಸಕ್ಕೆ ಇಡಿ. ಒಳಚರಂಡಿ ಚೇಂಬರ್ ಪಕ್ಕದಲ್ಲಂತೂ ಬೇಡವೇ ಬೇಡ.

ಇನ್ನು ಶುರುವಿನಲ್ಲಿ ಹೇಳಿದ ಬಚ್ಚಲಿನ ಕಥೆ. ಕೊಳಚೆ ಯಾಕೆ ಉಕ್ಕಿತು ಅಂದರೆ, ಬೀದಿಯಲ್ಲಿ ಹತ್ತಾರು ಮನೆಯವರು ತಾರಸಿಯ ಮಳೆನೀರನ್ನ ಒಳಚರಂಡಿಗೇ ಜೋಡಿಸಿದ್ದರು. ಜೊತೆಗೆ ನೀರು ನಿಂತ ಕೂಡಲೇ ಯಾರೋ ಪುಣ್ಯಾತ್ಮರು ಮ್ಯಾನ್‌ಹೋಲ್ ಮುಚ್ಚಳ ಎತ್ತಿ ಬಿಟ್ಟಿದ್ದರು, ನೀರು ಬೇಗ ಹೋಗಲಿ ಅಂತ. ಆ ಪೈಪು ಮನೆಗಳ ಕೊಳಚೆಗೆ ಅಂತ ಮಾಡಿದ್ದು, ಮಳೆಗಲ್ಲ. ಮೇಲಿನ ಬೀದಿಯಲ್ಲಿ ಇಳಿದ ನೀರು ಕೆಳಗಿನ ಬೀದಿಯ ಕಮೋಡಿನಲ್ಲಿ ಎದ್ದಿತು. ಮಳೆನೀರಿನ ಜೋಡಣೆ ಬಿಡಿಸಿ, ಮುಚ್ಚಳ ಮುಟ್ಟಬೇಡಿ, ನಿಮ್ಮ ಮನೆಯ ಕೊನೆಯ ಚೇಂಬರಿನಲ್ಲಿ ಹಿಮ್ಮುಖ ತಡೆಯುವ ವಾಲ್ವ್ ಹಾಕಿಸಿ. ವಾಲ್ವಿನ ನಾಲಿಗೆಗೆ ಬಟ್ಟೆ, ಪ್ಲಾಸ್ಟಿಕ್ ಸಿಕ್ಕಿಕೊಂಡರೆ ಮುಚ್ಚಲ್ಲ, ಅದಕ್ಕೇ ಮೇ ತಿಂಗಳಲ್ಲಿ ಒಮ್ಮೆ ತೆಗೆದು ತೊಳೆಸಿ.

ಕರೆಂಟಿನ ವಿಷಯದಲ್ಲಿ ಮಾತ್ರ ಉಳಿತಾಯ ಮಾಡಬೇಡಿ. 2025ರ ಮೇ ತಿಂಗಳಲ್ಲಿ ಬಿಟಿಎಂ ಲೇಔಟಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಬೇಸ್‌ಮೆಂಟಿನ ನೀರು ಪಂಪ್ ಮಾಡುವಾಗ ಕರೆಂಟ್ ಹೊಡೆದು ಇಬ್ಬರು ತೀರಿಕೊಂಡರು, ಒಬ್ಬ ಹನ್ನೆರಡು ವರ್ಷದ ಹುಡುಗ. ಮೀಟರ್ ಬೋರ್ಡು, ಯುಪಿಎಸ್, ಲಿಫ್ಟಿನ ಪ್ಯಾನೆಲ್ಲು ಬೇಸ್‌ಮೆಂಟಿನಲ್ಲಿದ್ದರೆ ಮೇಲಕ್ಕೆ ತನ್ನಿ. ಪಂಪಿನ ಲೈನಿಗೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇರಲೇಬೇಕು, ಅದರ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡಿ. ನೀರು ನಿಂತ ಬೇಸ್‌ಮೆಂಟಿಗೆ ಮೇನ್ ಆಫ್ ಆಗದೆ ಕಾಲಿಡಬಾರದು. ಮೇನ್ ಇರೋದೇ ನೀರಿನೊಳಗೆ ಅಂದರೆ ಬೆಸ್ಕಾಂ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ಲೈನ್ ತೆಗೆಸಿ. ಬೇಸ್‌ಮೆಂಟ್ ಇಳಿಜಾರಿನ ಬಾಯಲ್ಲಿ ಮುಕ್ಕಾಲು ಅಡಿ ಉಬ್ಬು ಕಟ್ಟಿಸಿದರೆ ಸಣ್ಣಪುಟ್ಟ ಮಳೆಯ ನೀರು ಅಲ್ಲೇ ತಿರುಗುತ್ತೆ.

ಅರ್ಜಿ ಬರೆಯುವ ಬಗೆ

ನಾವು ಮೊದಲು ಬರೆದ ಅರ್ಜಿಗಳನ್ನ ಈಗ ಓದಿದರೆ ನಗು ಬರುತ್ತೆ. "ನಮ್ಮ ಬಡಾವಣೆಯಲ್ಲಿ ನೀರು ನಿಲ್ಲುತ್ತಿದ್ದು ದಯವಿಟ್ಟು ಸೂಕ್ತ ಕ್ರಮ ಕೈಗೊಳ್ಳಿ" ಅಂತ. ಅದಕ್ಕೆ ಬಂದ ಉತ್ತರವೂ ಹಾಗೇ ಇತ್ತು, ಕ್ರಮ ಕೈಗೊಳ್ಳಲಾಗುವುದು ಅಂತ. ಒಂದು ಕಚೇರಿಯಿಂದ ಇನ್ನೊಂದಕ್ಕೆ ಒಂದೂವರೆ ವರ್ಷ ಅಲೆದೆವು. ಇದು ಮಳೆನೀರು ಅಂತ ಒಬ್ಬರು, ಇದು ಕೊಳಚೆ ಅಂತ ಇನ್ನೊಬ್ಬರು.

ಕೆಲಸ ಆದ ಅರ್ಜಿ ಒಂದೇ ಪುಟದ್ದು. ಇಂಥ ಕಂಬದಿಂದ ಇಂಥ ಕಂಬದವರೆಗೆ ಚರಂಡಿ ತಳ ಮೂರು ಇಂಚು ಏರಿದೆ, ಅಳತೆ ಇಲ್ಲಿದೆ, ಫೋಟೋ ಇಲ್ಲಿದೆ, ಮಳೆಯಲ್ಲಿ ತೆಗೆದ ವಿಡಿಯೋ ಇದೆ, ನಲವತ್ತು ಅಡಿ ಒಡೆದು ಸರಿಯಾದ ಇಳಿಜಾರಿಗೆ ಕಟ್ಟಿ. ಅಷ್ಟೇ. ಒಂದು ಅರ್ಜಿಗೆ ಒಂದೇ ಕೆಲಸ. ನೋಡಿದ ಎಂಜಿನಿಯರಿಗೆ ಎಲ್ಲಿಗೆ ಬರಬೇಕು, ಏನು ಮಾಡಬೇಕು ಅಂತ ಗೊತ್ತಾಗಬೇಕು. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಗಿವೆ, ಆದ್ದರಿಂದ ನಿಮ್ಮ ಬೀದಿ ಯಾವ ಪಾಲಿಕೆಗೆ ಬಂತು ಅಂತ ಮೊದಲೇ ನೋಡಿಕೊಳ್ಳಿ. ಹೂಳು ತೆಗೆದಿದ್ದೇವೆ ಅಂತ ಹೇಳಿದರೆ ಹತ್ತು ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ ಅಳತೆ ಪುಸ್ತಕದ ಪ್ರತಿ ಕೇಳಿ. ಎಷ್ಟು ಉದ್ದ, ಎಷ್ಟು ಆಳ, ಯಾವ ದಿನ ಅಂತ ಅದರಲ್ಲಿರುತ್ತೆ.

ಹೊಸದಾಗಿ ಸೈಟು, ಫ್ಲಾಟು ಕೊಳ್ಳೋರಿಗೆ ಒಂದು ಮಾತು. ಬೆಂಗಳೂರಿನ 2015ರ ಮಾಸ್ಟರ್ ಪ್ಲಾನಿನಲ್ಲಿ ಕೆರೆ ಅಂಚಿನಿಂದ 30 ಮೀಟರ್, ದೊಡ್ಡ ರಾಜಕಾಲುವೆಯ ನಡುವಿನಿಂದ 50, ಮಧ್ಯಮದ್ದಕ್ಕೆ 25, ಸಣ್ಣದಕ್ಕೆ 15 ಮೀಟರ್ ಬಿಡಬೇಕು ಅಂತಿತ್ತು. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್ ಮಾಡಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ತೆಗೆದುಹಾಕಿತು. ಹೀಗೆ ಕಾನೂನು ಹಿಗ್ಗುತ್ತೆ, ಕುಗ್ಗುತ್ತೆ, ನೀರಿಗೆ ಅದು ಗೊತ್ತಿಲ್ಲ. ಇವತ್ತಿನ ನಿಯಮ ಏನು ಅಂತ ವಕೀಲರನ್ನ ಕೇಳಿ. ಜೊತೆಗೆ ಸೆಪ್ಟೆಂಬರ್ ಕೊನೆಯಲ್ಲೊಂದು ಸಂಜೆ ಆ ಜಾಗಕ್ಕೆ ಹೋಗಿ ಪಕ್ಕದ ಅಂಗಡಿಯವರನ್ನೂ ಕೇಳಿ.

ಮಳೆ ಬರುವ ರಾತ್ರಿ

ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ 'ಮೇಘ ಸಂದೇಶ' ಆಪ್ ಇದೆ, ನಿಮ್ಮ ಹತ್ತಿರದ ಮಳೆಮಾಪಕದ ಲೆಕ್ಕ ನೋಡಬಹುದು. ಹವಾಮಾನ ಇಲಾಖೆ 'ಭಾರಿ ಮಳೆ' ಅಂದರೆ ದಿನಕ್ಕೆ 64.5 ಮಿಲಿಮೀಟರ್ ಮೇಲೆ, 'ಅತಿ ಭಾರಿ' ಅಂದರೆ 115.6ರ ಮೇಲೆ. ಬೆಂಗಳೂರಿನ ಕಷ್ಟ ಏನಂದರೆ ಆ 64 ಮಿಲಿಮೀಟರ್ ಎಷ್ಟೋ ಸಲ ಎರಡೇ ಗಂಟೆಯಲ್ಲಿ ಬೀಳುತ್ತೆ.

ಮುನ್ಸೂಚನೆ ಬಂದ ದಿನ ಮಳೆನೀರಿನ ಟ್ಯಾಂಕನ್ನ ಅರ್ಧ ಖಾಲಿ ಮಾಡಿ ಇಡಿ. ಕಾರನ್ನ ಎತ್ತರದ ರಸ್ತೆಯಲ್ಲಿ ನಿಲ್ಲಿಸಿ. ಎಂಜಿನ್‌ವರೆಗೆ ನೀರು ಬಂದಿದ್ದರೆ ಕೀಲಿ ತಿರುಗಿಸಲೇಬೇಡಿ, ಟೋ ಮಾಡಿಸಿ. ನೀರು ಕುಡಿದ ಎಂಜಿನ್ ಸ್ಟಾರ್ಟ್ ಮಾಡಿ ಹಾಳಾದರೆ ಸಾಮಾನ್ಯ ವಿಮೆ ಸಾಮಾನ್ಯವಾಗಿ ಕೈ ಎತ್ತುತ್ತೆ, ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಬೇಕು. ನೀರು ನಿಂತ ಅಂಡರ್‌ಪಾಸಿಗೆ ಇಳಿಯಬೇಡಿ. 2023ರ ಮೇನಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರಿನೊಳಗೆ ಸಿಕ್ಕಿ ಯುವತಿಯೊಬ್ಬಳು ಸತ್ತಿದ್ದು ಊರಿನ ನಟ್ಟನಡುವೆ, ಹಗಲು ಹೊತ್ತಿನಲ್ಲಿ.

ನೀರು ಇಳಿದ ಮೇಲೆ ಸಂಪಿನ ನೀರು ಕುಡಿಯಬೇಡಿ. ಪೂರ್ತಿ ಖಾಲಿ ಮಾಡಿ, ಉಜ್ಜಿ, ಬ್ಲೀಚಿಂಗ್ ಪುಡಿ ಹಾಕಿ ತೊಳೆಸಿ. ಕೆಸರು ಎತ್ತುವಾಗ ಬೂಟು ಹಾಕಿ, ಕಾಲಲ್ಲಿ ಗಾಯ ಇದ್ದರೆ ಬೇರೆಯವರು ಇಳಿಯಲಿ, ಇಲಿಜ್ವರ ಬರುತ್ತೆ.

ಗೋಡೆ ತೊಳೆಯುವ ಮುಂಚೆ ಇನ್ನೊಂದು ಕೆಲಸ ಮಾಡಿ. ಕೆಸರಿನ ಗೆರೆ ಎಲ್ಲಿಯವರೆಗೆ ಬಂದಿದೆ ನೋಡಿ, ಗೇಟಿನ ಕಂಬದ ಮೇಲೆ ಆಯಿಲ್ ಪೇಂಟಿನಲ್ಲಿ ಒಂದು ಗೆರೆ ಎಳೆದು ದಿನಾಂಕ ಬರೆಯಿರಿ. ಮುಂದಿನ ಅರ್ಜಿಗೆ ಅದಕ್ಕಿಂತ ಒಳ್ಳೆ ಫೋಟೋ ಇಲ್ಲ. ನಮ್ಮ ಕಂಬದ ಮೇಲೆ ಈಗ ಎರಡು ಗೆರೆ ಇವೆ, ಚರಂಡಿ ಸರಿಮಾಡಿಸುವ ಮುಂಚಿನದು ಒಂದು, ಆಮೇಲಿನದು ಒಂದು. ನಡುವೆ ಹದಿನೇಳು ಇಂಚು. ಮನೆಗೆ ಪೇಂಟ್ ಹೊಡೆಯಲು ಬಂದವರಿಗೆ ಆ ಕಂಬ ಮಾತ್ರ ಬಿಡಿ ಅಂತ ಹೇಳಿದ್ದೇನೆ.